ಗುಣವಾಗಿ ಬಂದವಳಿಗೆ ಮನೆಯಲ್ಲಿ ಜಾಗವಿಲ್ಲವೇ?

2019ರಲ್ಲಿ ‘ಮೆಂಟಲ್ ಹೈ ಕ್ಯಾ’ ಎಂಬ ಹಿಂದಿ ಸಿನಿಮಾದ ಹೆಸರಿಗೆ ಭಾರತೀಯ ಮನೋವೈದ್ಯರ ಸಂಘ ಆಕ್ಷೇಪವೆತ್ತಿತು. ‘ಜಡ್ಜ್‌ಮೆಂಟಲ್ ಹೈ ಕ್ಯಾ’ ಎಂದು ಬದಲಿಸಿ ಬಿಡುಗಡೆ ಮಾಡಿದರು, ಗಲಾಟೆ ತಣ್ಣಗಾಯಿತು. ಹೆಸರಿಗಾಗಿ ಜಗಳವಾಡುವುದು ಸುಲಭ, ಅದರಿಂದ ಯಾರ ಮನೆಯ ನೆಮ್ಮದಿಯೂ ಕೆಡುವುದಿಲ್ಲ. ನೆಮ್ಮದಿ ಕೆಡಿಸುವ ಪ್ರಶ್ನೆಯನ್ನು ಕನ್ನಡದ ಲೇಖಕಿಯೊಬ್ಬರು ಅರವತ್ತು ವರ್ಷಗಳ ಹಿಂದೆಯೇ ಕೇಳಿದ್ದರು. ನಾವು ಓದಿದೆವು, ಅತ್ತೆವು, ಪುಸ್ತಕ ಮುಚ್ಚಿಟ್ಟೆವು.

ಮೈಸೂರಿನ ಅನಸೂಯಾ ಶಂಕರ್, ಅಂದರೆ ತ್ರಿವೇಣಿ, ಮನಃಶಾಸ್ತ್ರ ಓದಿದವರು. 1928ರಲ್ಲಿ ಹುಟ್ಟಿದ ಅವರು 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಮೂವತ್ತೈದು ತುಂಬಿರಲಿಲ್ಲ. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಅವರ ‘ಶರಪಂಜರ’ ಕಾದಂಬರಿಯ ಕಾವೇರಿಗೆ ಬಾಣಂತನದಲ್ಲಿ ಮನಸ್ಸು ಕೆಡುತ್ತದೆ. ಆಸ್ಪತ್ರೆ ಸೇರುತ್ತಾಳೆ, ಗುಣವಾಗುತ್ತಾಳೆ. ಬೇರೆ ಯಾರಾದರೂ ಬರೆದಿದ್ದರೆ ಅಲ್ಲಿಗೆ ಮಂಗಳ ಹಾಡಿಬಿಡುತ್ತಿದ್ದರೇನೋ. ತ್ರಿವೇಣಿಯವರ ಕಥೆಗೆ ಕಾವೇರುವುದೇ ಆಮೇಲೆ. ಗಂಡ ದೂರ ಸರಿಯುತ್ತಾನೆ. ಅಕ್ಕಪಕ್ಕದವರ ನೋಟದಲ್ಲಿ ಅನುಮಾನ. ಎಲ್ಲರಂತೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಅವಳಿಗಿಲ್ಲ. ದನಿ ಏರಿದರೆ ಕಾಯಿಲೆ ಮರಳಿತೆಂದು ಗುಸುಗುಸು.

ಪುಟ್ಟಣ್ಣ ಕಣಗಾಲರು 1970ರ ದಶಕದ ಆರಂಭದಲ್ಲಿ ಅದನ್ನು ಸಿನಿಮಾ ಮಾಡಿದರು, ರಾಷ್ಟ್ರಪ್ರಶಸ್ತಿಯೂ ಬಂತು. ನಾವು ಅದರಿಂದ ಉಳಿಸಿಕೊಂಡದ್ದೇನು? ಕೊನೆಯಲ್ಲಿ ಕಾವೇರಿಯ ಪಾತ್ರದ ಕಲ್ಪನಾ ಕುಸಿಯುವ ದೃಶ್ಯ. ಆ ಅಭಿನಯವನ್ನು ಕೊಂಡಾಡಿದೆವು, ಮಿಮಿಕ್ರಿ ಮಾಡಿ ನಕ್ಕೆವು. ಕಾವೇರಿಯ ಮನಸ್ಸನ್ನು ಮತ್ತೆ ಕೆಡಿಸಿದ ಮನೆಯವರನ್ನು ಅನುಕರಿಸಿ ತೋರಿಸಿದ ಕಲಾವಿದ ನನ್ನ ಕಣ್ಣಿಗೆ ಬಿದ್ದಿಲ್ಲ. ವಿಮರ್ಶಕರೂ ಕಡಿಮೆಯೇನಲ್ಲ. ‘ಜನಪ್ರಿಯ ಮಹಿಳಾ ಕಾದಂಬರಿ’ ಎಂಬ ಚೀಟಿ ಅಂಟಿಸಿ ತ್ರಿವೇಣಿಯವರನ್ನು ಪಕ್ಕಕ್ಕಿಟ್ಟರು.

ಆಂಧ್ರ-ಕರ್ನಾಟಕ ಗಡಿಯ ಕಂಬದೂರಿನಂಥ ಊರಿನ ಕಡೆಯಿಂದ ನೋಡಿದರೆ ಈ ಕಥೆ ಹಳೆಯದೆನಿಸುವುದಿಲ್ಲ. ಆಂಧ್ರದ ದೊಡ್ಡ ಸರ್ಕಾರಿ ಮಾನಸಿಕ ಆಸ್ಪತ್ರೆ ಇರುವುದು ರಾಜ್ಯದ ಇನ್ನೊಂದು ತುದಿಯಲ್ಲಿ, ವಿಶಾಖಪಟ್ಟಣದಲ್ಲಿ. ಕಲ್ಯಾಣದುರ್ಗ, ಹಿಂದೂಪುರದ ಕಡೆಯವರಿಗೆ ಬೆಂಗಳೂರಿನ ನಿಮ್ಹಾನ್ಸ್ ಅದಕ್ಕಿಂತ ಎಷ್ಟೋ ಹತ್ತಿರ. ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು, ಮಾತ್ರೆ ಊರಿನ ಹತ್ತಿರವೇ ಸಿಗುವಂತೆ ಮಾಡಿ ತೋರಿಸಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿಯೇ ಮಾದರಿ. ರಾಯದುರ್ಗ ದಾಟಿದರೆ ಸಿಗುವ ಬಳ್ಳಾರಿ!

ಆದರೆ ಮಾತ್ರೆ ಅರ್ಧ ಕೆಲಸ ಮಾಡುತ್ತದೆ. ಉಳಿದರ್ಧ ಮನೆಯವರದು. ಅಲ್ಲಿ ನಾವು ಮಾಡುವುದೇನು? ‘ಮದುವೆ ಮಾಡಿದರೆ ಸರಿಹೋಗುತ್ತೆ’ ಎನ್ನುತ್ತೇವೆ. ಹೆಣ್ಣು ನೋಡಲು ಬರುವವರಿಗೆ ಗೊತ್ತಾದೀತೆಂದು ಮಾತ್ರೆ ಬಚ್ಚಿಡುತ್ತೇವೆ, ಆಮೇಲೆ ನಿಲ್ಲಿಸುತ್ತೇವೆ. ಮತ್ತೆ ಕೆಟ್ಟಾಗ ಹಣೆಬರಹ, ಗಾಳಿ, ಯಾರೋ ಮಾಡಿಸಿದ್ದು. ಮಾತ್ರೆ ನಿಲ್ಲಿಸಿದ್ದನ್ನು ಬಿಟ್ಟು ಎಲ್ಲವೂ ಕಾರಣವಾಗುತ್ತದೆ.

ಮಳೆ ಕೈಕೊಟ್ಟು ಕಡಲೆಕಾಯಿ ಒಣಗಿದ ರೈತನಿಗೆ ಇದನ್ನೆಲ್ಲ ಹೇಗೆ ಹೇಳುತ್ತೀರಿ ಎಂದು ಕೇಳುವವರಿದ್ದಾರೆ. ನ್ಯಾಯವಾದ ಮಾತು. ಅವನೊಬ್ಬನ ಹೆಗಲ ಮೇಲೆ ಹೊರಿಸಬೇಡಿ ಎಂದೇ ಕಾನೂನೂ ಹೇಳುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 19ನೇ ಕಲಮಿನ ಪ್ರಕಾರ, ಮನೆಯವರು ಸೇರಿಸಲಿಲ್ಲವೆಂಬ ಒಂದೇ ಕಾರಣಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಉಳಿಸಿಕೊಳ್ಳುವಂತಿಲ್ಲ. ಅಂಥವರಿಗಾಗಿ ಹಾಫ್‌ವೇ ಹೋಂ ಎನ್ನುವ, ಆಸ್ಪತ್ರೆಗೂ ಮನೆಗೂ ನಡುವಿನ ಆಸರೆಮನೆಗಳನ್ನು ಸರ್ಕಾರ ಒದಗಿಸಬೇಕು. ಕಾವೇರಿಯ ಪ್ರಶ್ನೆಗೆ ದೇಶ ಕಾಗದದ ಮೇಲೆ ಉತ್ತರ ಕೊಡಲು ಅರ್ಧ ಶತಮಾನಕ್ಕಿಂತ ಹೆಚ್ಚು ಬೇಕಾಯಿತು. ಆ ಕಾಗದ ಕಂಬದೂರಿನವರೆಗೆ ಬರಲು ಇನ್ನೆಷ್ಟು ಬೇಕೋ.

‘ಶರಪಂಜರ’ದಂಥ ಪುಸ್ತಕ ಹುಡುಗರ ಕೈಗೆ ಕೊಟ್ಟರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತೆಂಬ ಭಯ ಕೆಲವು ಮೇಷ್ಟ್ರುಗಳಿಗೆ. ಯೋಚನೆ ಹುಡುಗರ ತಲೆಯಲ್ಲಿ ಈಗಾಗಲೇ ಇರುತ್ತದೆ ಸ್ವಾಮಿ, ಹೇಳಿಕೊಳ್ಳಲು ಜನವಿಲ್ಲ ಅಷ್ಟೆ. ಕಾಯಿಲೆಯ ಲಕ್ಷಣ ತಿಳಿಸುವ ಪುಸ್ತಕಗಳಿಗೆ ಕನ್ನಡದಲ್ಲಿ ಬರವಿಲ್ಲ, ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಒಬ್ಬರೇ ರಾಶಿ ಬರೆದಿದ್ದಾರೆ. ಆದರೆ ಚೇತರಿಸಿಕೊಂಡ ಹುಡುಗಿ ಮತ್ತೆ ಕಾಲೇಜಿಗೆ ಹೋಗುವ, ಜಗಳವಾಡುವ, ಪ್ರೀತಿಸುವ, ಫೇಲಾಗಿ ಮತ್ತೆ ಪರೀಕ್ಷೆ ಕಟ್ಟುವ ಕಾದಂಬರಿಗಳು ಬೇಕು. ಇಂದಿನ ಎಳೆಯ ಲೇಖಕರು ಅವನ್ನು ಬರೆಯಲಿ. ಅಲ್ಲಿಯವರೆಗೆ ಮಡಕಶಿರಾ, ರಾಯದುರ್ಗದ ಕನ್ನಡ ಶಾಲೆಗಳ ಕಪಾಟಿನಲ್ಲಿ ‘ಶರಪಂಜರ’ ಇರಲಿ. ಗೋಡೆಯ ಮೇಲೆ 14416 ಎಂದು ದಪ್ಪಕ್ಷರದಲ್ಲಿ ಬರೆಯಿರಿ. ಅದು ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದಾದ, ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ. ಮುಂದಿನ ಸಲ ಶಾಸಕರು ಓಟು ಕೇಳಲು ಬಂದಾಗ ರಸ್ತೆ, ನೀರಿನ ಜೊತೆಗೆ ಕಲ್ಯಾಣದುರ್ಗಕ್ಕೊಂದು ಆಸರೆಮನೆಯನ್ನೂ ಕೇಳಿ.