ಹೆಬ್ಬಾಳದ ಏರಿನಲ್ಲಿ ನಿಂತ ಕಾರಿಗೆ ಕ್ರೇನ್ ಮದ್ದಲ್ಲ

ಬೆಂಗಳೂರಿನಲ್ಲಿ ಟೋಯಿಂಗ್ ಮತ್ತೆ ಬರಬೇಕೇ ಬೇಡವೇ ಎಂಬ ವಾದ ಮುಗಿಯುವ ಲಕ್ಷಣ ಕಾಣುತ್ತಿಲ್ಲ. ಜನರ ಆಕ್ರೋಶಕ್ಕೆ ಮಣಿದು ಸರ್ಕಾರ 2022ರ ಫೆಬ್ರುವರಿಯಲ್ಲಿ ಅದನ್ನು ನಿಲ್ಲಿಸಿತು. 2025ರಲ್ಲಿ ಗೃಹ ಸಚಿವ ಜಿ. ಪರಮೇಶ್ವರ ಅವರೇ ಮತ್ತೆ ಆರಂಭಿಸುವ ಮಾತಾಡಿದರು. ಪರ ಇರುವವರು, ವಿರೋಧ ಇರುವವರು ಇಬ್ಬರ ಕಣ್ಣೂ ನೋ ಪಾರ್ಕಿಂಗ್ ಜಾಗದಲ್ಲಿ ನಿಂತ ಸ್ಕೂಟರಿನ ಮೇಲೆಯೇ. ಬೆಳಿಗ್ಗೆ ಒಂಬತ್ತು ಗಂಟೆಗೆ ಹೆಬ್ಬಾಳ ಮೇಲ್ಸೇತುವೆಯ ಏರಿನಲ್ಲಿ ನಾಲ್ಕೂ ಇಂಡಿಕೇಟರ್ ಮಿನುಗಿಸುತ್ತಾ ನಿಂತ ಡೀಸೆಲ್ ಕಾರು ಯಾರ ಲೆಕ್ಕಕ್ಕೂ ಸಿಕ್ಕಿಲ್ಲ. ಆ ಕಾರಿಗೆ ಮೊದಲು ಬೇಕಿರುವುದು ಕ್ರೇನ್ ಅಲ್ಲ. ಅದು ಅಲ್ಲಿ ನಿಂತಿದ್ದಕ್ಕೆ ಚಾಲಕನೊಬ್ಬನನ್ನೇ ಹೊಣೆ ಮಾಡುವುದೂ ಸರಿಯಲ್ಲ. ಇದನ್ನು ಒಪ್ಪಿಕೊಳ್ಳದೆ ಎಷ್ಟು ಟೋಯಿಂಗ್ ವಾಹನ ಖರೀದಿಸಿದರೂ ಬಳ್ಳಾರಿ ರಸ್ತೆಯ ಬೆಳಗಿನ ಪಾಡು ಬದಲಾಗದು.

ಎಲ್ಲರೂ ಓದಿ ಮರೆತ ಒಂದು ಸಂಖ್ಯೆಯಿದೆ. ಟಾಮ್‌ಟಾಮ್ ಸಂಚಾರ ಸೂಚ್ಯಂಕದ ಪ್ರಕಾರ 2024ರಲ್ಲಿ ಬೆಂಗಳೂರಿನಲ್ಲಿ 10 ಕಿ.ಮೀ. ಸಾಗಲು ಹಿಡಿದ ಸರಾಸರಿ ಸಮಯ 34 ನಿಮಿಷ 10 ಸೆಕೆಂಡು. ವರದಿ ಬಂದಾಗ ನಾಲ್ಕು ದಿನ ಬೈದಾಡಿ ಸುಮ್ಮನಾದೆವು. ಭಾಗಿಸಿ ನೋಡಿದರೆ ಸಿಗುವುದು ಗಂಟೆಗೆ ಸುಮಾರು 17.5 ಕಿ.ಮೀ. ವೇಗ. ಈ ಸಂಖ್ಯೆಯನ್ನು ಸಮಯ ಹಾಳಾದ ಲೆಕ್ಕಕ್ಕೆ, ಇಂಧನ ಸುಟ್ಟ ಲೆಕ್ಕಕ್ಕೆ, ಸುರಂಗ ರಸ್ತೆ ಬೇಕೆನ್ನುವ ಲೆಕ್ಕಕ್ಕೆ ಬಳಸಿದ್ದೇವೆ. ಡೀಸೆಲ್ ಎಂಜಿನ್ನಿನ ಹೊಗೆಕೊಳವೆಯ ಪಕ್ಕದಲ್ಲಿ ಇಟ್ಟು ನೋಡಲೇ ಇಲ್ಲ.

ಬಿಎಸ್–6 ಡೀಸೆಲ್ ಕಾರಿನ ಫಿಲ್ಟರ್, ಅಂದರೆ ಎಲ್ಲರ ಬಾಯಲ್ಲಿರುವ ಡಿಪಿಎಫ್, ಮಸಿಯನ್ನು ಹಿಡಿದಿಟ್ಟುಕೊಂಡು ಆಗಾಗ ತಾನೇ ಸುಟ್ಟುಕೊಳ್ಳಬೇಕು. ಆ ಸುಡುವಿಕೆಗೆ 600 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಬಿಸಿ ಬೇಕು. ನಿಂತು ನಿಂತು ಸಾಗುವ ಕಾರಿನ ಹೊಗೆ 200 ಡಿಗ್ರಿಯ ಆಚೀಚೆಯೇ ಉಳಿಯುತ್ತದೆ. ಕೊರತೆ ತುಂಬಲು ಎಂಜಿನ್ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮ್ಮಿಸುತ್ತದೆ. ಈ ಕೆಲಸ ಮುಗಿಯಲು ಹದಿನೈದು ಇಪ್ಪತ್ತು ನಿಮಿಷ ಎಲ್ಲೂ ನಿಲ್ಲದೆ ಒಂದೇ ಹದದಲ್ಲಿ ಓಡಬೇಕು. ಗಂಟೆಗೆ 60 ಕಿ.ಮೀ. ಲೆಕ್ಕ ಹಿಡಿದರೆ 15ರಿಂದ 20 ಕಿ.ಮೀ. ಉದ್ದದ, ಸಿಗ್ನಲ್ ಇಲ್ಲದ ರಸ್ತೆ ಬೇಕು. ನಮ್ಮ ಸರಾಸರಿ ವೇಗದಲ್ಲಿ ಅದೇ ಇಪ್ಪತ್ತು ನಿಮಿಷಕ್ಕೆ ಕಾರು ಸಾಗುವುದು ಆರು ಕಿ.ಮೀ.ಗಿಂತ ಕಡಿಮೆ. ಆರ್.ಟಿ. ನಗರದಿಂದ ಹೊರಟವರು ಅಷ್ಟರಲ್ಲಿ ಮೇಖ್ರಿ ವೃತ್ತ ದಾಟಿ, ಟಾಟಾ ಇನ್‌ಸ್ಟಿಟ್ಯೂಟ್ ಎದುರು ನಿಂತು, ಯಶವಂತಪುರ ತಲುಪಿ ಕೀಲಿ ತಿರುಗಿಸಿ ಎಂಜಿನ್ ಆರಿಸಿರುತ್ತಾರೆ. ಸುಡುವ ಕೆಲಸ ಅರ್ಧಕ್ಕೇ ನಿಂತಿತು. ಸಂಜೆ ಮತ್ತೆ ಅರ್ಧ. ಉರಿಯದೆ ಉಳಿದ ಡೀಸೆಲ್ ಎಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳುವಾಗಿಸುತ್ತದೆ. ಹೀಗೆ ಕೆಲವು ವಾರ ಕಳೆದರೆ ಫಿಲ್ಟರ್ ತುಂಬಿ, ಎಂಜಿನ್ ತನ್ನನ್ನು ತಾನು ಕಾಪಾಡಿಕೊಳ್ಳಲು ಶಕ್ತಿ ಕಡಿತ ಮಾಡಿಕೊಳ್ಳುತ್ತದೆ. ಚಾಲಕ ಎಷ್ಟೇ ಒತ್ತಿದರೂ ಕಾರು ತೆವಳುತ್ತದೆ. ಹೆಬ್ಬಾಳದಂಥ ಏರಿನಲ್ಲಿ ತೆವಳುವುದೂ ಕಷ್ಟ.

ಹೆಬ್ಬಾಳದ ಈ ಕಷ್ಟಕ್ಕೆ ರಸ್ತೆ ಅಗಲಿಸುವುದೇ ಉತ್ತರ ಎನ್ನುವವರಿದ್ದಾರೆ. 2025ರ ಆಗಸ್ಟ್‌ನಲ್ಲಿ ಕೆ.ಆರ್. ಪುರ ಕಡೆಯಿಂದ ಮೇಖ್ರಿ ವೃತ್ತದತ್ತ ಬರುವವರಿಗೆ ಹೊಸ ರ‍್ಯಾಂಪ್ ತೆರೆಯಿತು. ಅನುಕೂಲವಾಗಿದೆ, ಸಂತೋಷ. ಆದರೆ ಒಂದು ಪಥದಲ್ಲಿ ಒಂದು ಕಾರು ಕೆಟ್ಟು ನಿಂತರೆ ಆ ಅನುಕೂಲ ಮುಗಿಯಿತು. ವಾಹನ ಕೆಟ್ಟು ನಿಂತಿದ್ದರಿಂದ ಸಂಚಾರ ನಿಧಾನ ಎಂಬ ಸಂಚಾರ ಪೊಲೀಸರ ಸಂದೇಶ ಓದದೆ ಉತ್ತರ ಬೆಂಗಳೂರಿಗರ ವಾರ ಕಳೆಯುವುದಿಲ್ಲ. ಕೆಟ್ಟು ನಿಂತದ್ದೆಲ್ಲ ಡಿಪಿಎಫ್ ಕಾರಲ್ಲ, ಬಸ್ಸು ಲಾರಿಗಳೂ ಇವೆ. ಆದರೆ ಸ್ಥಳದಲ್ಲೇ ಸರಿಪಡಿಸಬಹುದಾದ, ಮೊದಲೇ ತಡೆಯಬಹುದಾದ ಕೆಡುಕು ಇದು.

ಕೊಡಿಗೇಹಳ್ಳಿ ಬಳಿಯ ಸರ್ವಿಸ್ ರಸ್ತೆಯಲ್ಲಿ ಇಂಥ ಕಾರೊಂದನ್ನು ಎತ್ತಲು ಬಂದವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಫ್ಲ್ಯಾಟ್‌ಬೆಡ್ ಲಾರಿ ಹಿಂದೆ ನಿಂತಿತ್ತು, ಚಾಲಕ ಸರಪಳಿ ಬಿಚ್ಚುತ್ತಿದ್ದ. ಜೊತೆಗೆ ಬಂದ ಯಲಹಂಕದ ಮೆಕ್ಯಾನಿಕ್ ಅವನನ್ನು ತಡೆದು, ಸ್ಟಿಯರಿಂಗ್ ಕೆಳಗೆ ಕೈ ಹಾಕಿ ಸ್ಕ್ಯಾನರ್ ಸಿಕ್ಕಿಸಿದ. ಫಿಲ್ಟರಿನ ಹಿಂದು ಮುಂದಿನ ಒತ್ತಡದ ವ್ಯತ್ಯಾಸ, ಮಸಿಯ ಪ್ರಮಾಣ ಎರಡನ್ನೂ ನೋಡಿದ. ಆಯಿಲ್ ಕಡ್ಡಿ ಎಳೆದು ಬೆರಳಿಗೆ ಹಚ್ಚಿ ಮೂಸಿದ. ‘ಉಸಿರು ಕಟ್ಟಿದೆ ಅಷ್ಟೇ ಸಾರ್, ಇನ್ನೂ ಸತ್ತಿಲ್ಲ’ ಎಂದ. ಕಾರಿನ ಅಡಿಯಲ್ಲಿ ಒಣಹುಲ್ಲು ಕಂಡು, ಅಲ್ಲಿ ಸುಡಿಸಲು ಒಪ್ಪದೆ ನೂರು ಮೀಟರ್ ಮುಂದೆ ಖಾಲಿ ಸಿಮೆಂಟ್ ಜಾಗಕ್ಕೆ ತೆವಳಿಸಿಕೊಂಡು ಹೋದ. ಅರ್ಧ ಗಂಟೆ ಎಂಜಿನ್ ಮೊರೆಯಿತು, ಸೈಲೆನ್ಸರ್ ಸುತ್ತ ಗಾಳಿ ನಡುಗಿತು, ಡ್ಯಾಶ್‌ಬೋರ್ಡಿನ ಹಳದಿ ದೀಪ ಆರಿತು. ‘ಆಯಿಲ್ ಬದಲಾಯಿಸಿ, ಈಗಲೇ ಏರ್‌ಪೋರ್ಟ್ ಕಡೆ ಒಂದು ಸುತ್ತು ಓಡಿಸಿ’ ಎಂದು ಹೇಳಿ ಬೈಕ್ ಹತ್ತಿದ. ಲಾರಿ ಖಾಲಿ ಹಿಂದಿರುಗಿತು.

ಅವನು ಬರದಿದ್ದರೆ ಆ ಕಾರು ಗ್ಯಾರೇಜಿಗೆ ಹೋಗಿ, ಫಿಲ್ಟರನ್ನೇ ಬದಲಿಸಬೇಕೆಂಬ ಅಂದಾಜು ಪಟ್ಟಿ ಮಾಲೀಕರ ಕೈಗೆ ಬರುವ ಸಾಧ್ಯತೆ ಇತ್ತು. ಆ ಮೊತ್ತ ಕಂಡವರಿಗೆ ಸಂದಿಯ ಗ್ಯಾರೇಜುಗಳು ಇನ್ನೊಂದು ದಾರಿ ತೋರಿಸುತ್ತವೆ. ಫಿಲ್ಟರಿನ ಹೊಟ್ಟೆ ಬಗೆದು ಖಾಲಿ ಡಬ್ಬಿ ಬೆಸೆದು, ಸಾಫ್ಟ್‌ವೇರ್ ತಿದ್ದಿ ಕಳಿಸುವ ದಾರಿ. ನನಗೆ ಆತಂಕ ಹುಟ್ಟಿಸುವುದು ಇದೇ. ಬಿಎಸ್–4ರಲ್ಲಿ ಡೀಸೆಲ್ ಕಾರು ಕಿ.ಮೀ.ಗೆ 0.025 ಗ್ರಾಂ ಕಣ ಉಗುಳಬಹುದಿತ್ತು. 2020ರ ಏಪ್ರಿಲ್ 1ರಿಂದ ಮಿತಿ 0.0045 ಗ್ರಾಂ, ಅಂದರೆ ಶೇ 82ರಷ್ಟು ಇಳಿಕೆ. ಆ ಇಳಿಕೆ ನಿಂತಿರುವುದೇ ಈ ಫಿಲ್ಟರ್ ಮೇಲೆ. ಅದನ್ನು ಕಿತ್ತರೆ ನಮ್ಮ ಎಮಿಷನ್ ಟೆಸ್ಟ್ ಹಿಡಿಯುವುದಿಲ್ಲ. ನಿಂತ ಕಾರಿನ ಆಕ್ಸಿಲರೇಟರ್ ಒತ್ತಿ ಹೊಗೆಯ ಕಪ್ಪು ಅಳೆಯುವ ಪರೀಕ್ಷೆ ಅದು. ಹೊಸ ಎಂಜಿನ್ನಿನ ಕಣಗಳು ಕಣ್ಣಿಗೂ ಆ ಯಂತ್ರಕ್ಕೂ ಕಾಣದಷ್ಟು ಸಣ್ಣವು. ನೆದರ್ಲೆಂಡ್ಸ್ ಮತ್ತು ಜರ್ಮನಿ 2023ರಿಂದ ಕಣಗಳನ್ನೇ ಎಣಿಸುವ ಯಂತ್ರ ತಂದಿವೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಮಾರ್ಪಾಡನ್ನು ನಿಷೇಧಿಸುತ್ತದೆ ನಿಜ. ಪತ್ತೆ ಹಚ್ಚಲಾಗದ ಅಪರಾಧಕ್ಕೆ ನಿಷೇಧ ಇದ್ದರೆಷ್ಟು, ಬಿಟ್ಟರೆಷ್ಟು?

ಕೈಪಿಡಿಯಲ್ಲಿ ಎಲ್ಲ ಬರೆದಿದೆ, ಓದದವರ ತಪ್ಪು ಎಂಬುದು ಕಂಪನಿಗಳ ಪರ ವಾದ. ಇದಕ್ಕೆ ಉತ್ತರ ಆಸ್ಟ್ರೇಲಿಯಾದಲ್ಲಿದೆ. 2015ರ ಅಕ್ಟೋಬರ್‌ನಿಂದ 2020ರ ಏಪ್ರಿಲ್‌ವರೆಗೆ ಅಲ್ಲಿ ಮಾರಾಟವಾದ ಟೊಯೊಟಾ ಹೈಲಕ್ಸ್, ಫಾರ್ಚುನರ್, ಪ್ರಾಡೊ ಡೀಸೆಲ್ ವಾಹನಗಳು 2,64,170. ಅವುಗಳ ಡಿಪಿಎಫ್ ವ್ಯವಸ್ಥೆ ದೋಷಪೂರಿತ, ವಾಹನಗಳು ಒಪ್ಪತಕ್ಕ ಗುಣಮಟ್ಟದಲ್ಲಿ ಇರಲಿಲ್ಲ ಎಂದು 2022ರ ಏಪ್ರಿಲ್‌ನಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ಪರಿಹಾರದ ಮೊತ್ತದ ಜಗಳ ಮೇಲಿನ ಕೋರ್ಟ್‌ವರೆಗೂ ಹೋಯಿತು, ದೋಷವಿತ್ತು ಎಂಬ ಮಾತು ಉಳಿಯಿತು. ಅಲ್ಲಿ ತೊಂದರೆ ಕಾಣಿಸಿದ್ದು ಗಂಟೆಗೆ 100 ಕಿ.ಮೀ. ಆಸುಪಾಸಿನ ಸತತ ಓಟದಲ್ಲಿ. ನಮ್ಮಲ್ಲಿ ತದ್ವಿರುದ್ಧ, ಓಟವೇ ಇಲ್ಲದಿರುವುದರಿಂದ. ವಿನ್ಯಾಸದ ದೋಷ ಬೇರೆ, ಬಳಕೆಯ ತೊಂದರೆ ಬೇರೆ ಎಂಬುದನ್ನೂ ಒಪ್ಪುತ್ತೇನೆ. ಆದರೂ ತತ್ವ ಒಂದೇ. ಒಂದು ಊರಿನ ಜನ ದಿನನಿತ್ಯ ಓಡಿಸುವ ರೀತಿಯಲ್ಲಿ ವಾಹನ ಓಡಬೇಕು, ಓಡದಿದ್ದರೆ ಹಣ ಪಡೆಯುವ ಮೊದಲೇ ಹೇಳಬೇಕು. ಸರಕಿನ ಗುಣಮಟ್ಟದ ಬಗ್ಗೆ ತಿಳಿಯುವ ಹಕ್ಕನ್ನು ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯೂ ಕೊಟ್ಟಿದೆ. ಶೋರೂಮಿನಲ್ಲಿ ಸಾಲದ ಕಂತು ಕೇಳುವವರು, ದಿನಕ್ಕೆ ಎಷ್ಟು ದೂರ, ಯಾವ ರಸ್ತೆಯಲ್ಲಿ ಓಡಿಸುತ್ತೀರಿ ಎಂದು ಕೇಳಬೇಕು. ಆ ಉತ್ತರಕ್ಕೆ ಡೀಸೆಲ್ ಹೊಂದುವುದಿಲ್ಲವಾದರೆ ಬರೆದು ಕೊಡಬೇಕು.

ಡೀಸೆಲ್ ಬಿಟ್ಟು ವಿದ್ಯುತ್ ಕಾರು ಕೊಳ್ಳಿ ಎನ್ನುವವರಿಗೆ ಒಂದೇ ಮಾತು. ಈಗಾಗಲೇ ಮಾರಾಟವಾದ ಕಾರುಗಳು ಇನ್ನೂ ಹಲವು ವರ್ಷ ಇದೇ ರಸ್ತೆಯಲ್ಲಿರುತ್ತವೆ.

ಇನ್ನು ಪೊಲೀಸರ ಪಾಲು. ಮೋಟಾರು ವಾಹನ ಕಾಯ್ದೆಯ 201ನೇ ಸೆಕ್ಷನ್ ಸಂಚಾರಕ್ಕೆ ಅಡ್ಡಿಯಾಗಿ ನಿಂತ ವಾಹನಕ್ಕೆ ದಂಡ ಹೇಳುತ್ತದೆ. 2019ರ ತಿದ್ದುಪಡಿ ಅದಕ್ಕೊಂದು ವಿನಾಯಿತಿ ಸೇರಿಸಿತು. ವಾಹನ ಅನಿರೀಕ್ಷಿತವಾಗಿ ಕೆಟ್ಟು, ತೆರವುಗೊಳಿಸುವ ಕೆಲಸ ನಡೆದಿದ್ದರೆ ದಂಡವಿಲ್ಲ. ಕಾನೂನು ಕೆಟ್ಟು ನಿಂತವನನ್ನು ಅಪರಾಧಿಯ ಸಾಲಿನಿಂದ ಬೇರೆ ಮಾಡಿದೆ. ಆಡಳಿತ ಇನ್ನೂ ಮಾಡಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಾರು ಕೆಟ್ಟರೆ ಕರೆ ಮಾಡಲು 1033 ಇದೆ, ಗಸ್ತು ವಾಹನ, ಕ್ರೇನ್ ಬರುತ್ತವೆ. ಸಾದಹಳ್ಳಿ ಟೋಲ್ ಆಚೆಗೆ ಸಿಗುವ ಆ ನೆರವು ಮೇಖ್ರಿ ವೃತ್ತದ ಅಂಡರ್‌ಪಾಸ್‌ನಲ್ಲಿ ಸಿಗುವುದಿಲ್ಲ. ಟೋಯಿಂಗ್ ಮರಳಿ ತರುವುದೇ ಆದರೆ ಅದರ ಮೊದಲ ಕೆಲಸ ಪಾರ್ಕಿಂಗ್ ದಂಡವಾಗಬಾರದು, ಕೆಟ್ಟ ವಾಹನದ ನೆರವಾಗಬೇಕು. ಹೆಬ್ಬಾಳ ಮತ್ತು ಗೊರಗುಂಟೆಪಾಳ್ಯದಲ್ಲಿ ಬೆಳಿಗ್ಗೆ ಸಂಜೆ ಸ್ಕ್ಯಾನರ್ ಹಿಡಿದ ಒಬ್ಬೊಬ್ಬ ಮೆಕ್ಯಾನಿಕ್ ಬೈಕಿನಲ್ಲಿರಲಿ. ಹುಲ್ಲು, ಕಸ, ಜನ ಇಲ್ಲದ, ನಾಲ್ಕು ಕಾರು ನಿಲ್ಲುವಷ್ಟು ಸಿಮೆಂಟ್ ಜಾಗ ಪಕ್ಕದಲ್ಲಿರಲಿ. ಎತ್ತಲೇಬೇಕಾದ ಕಾರಿಗೆ ಫ್ಲ್ಯಾಟ್‌ಬೆಡ್ಡೇ ಬರಲಿ. ಚಕ್ರ ನೆಲಕ್ಕೆ ತಾಗಿಸಿ ಎಳೆದರೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಹಾಳಾಗಬಹುದು.

ಇದೆಲ್ಲ ಬರುವವರೆಗೆ ಡೀಸೆಲ್ ಕಾರು ಓಡಿಸುವವರಿಗೆ ನನ್ನದೊಂದು ಮನವಿ. ಫಿಲ್ಟರ್ ದೀಪ ಹಳದಿಯಾಗಿ ಉರಿದ ದಿನ ಮನೆ ಮುಂದೆ ಎಂಜಿನ್ ಆರಿಸಬೇಡಿ. ಕೈಪಿಡಿ ಬೇರೇನೂ ಹೇಳದಿದ್ದರೆ, ಸಂಚಾರ ಕಡಿಮೆಯಿರುವ ಹೊತ್ತಿನಲ್ಲಿ ಬಳ್ಳಾರಿ ರಸ್ತೆ ಹತ್ತಿ ಸಾದಹಳ್ಳಿಯತ್ತ ಒಂದೇ ವೇಗದಲ್ಲಿ ಇಪ್ಪತ್ತು ನಿಮಿಷ ಓಡಿಸಿ. ದೀಪ ಮಿನುಗತೊಡಗಿದರೆ ಅಥವಾ ಕಾರಿನ ಪಿಕಪ್ ಬಿದ್ದುಹೋದರೆ ಏರು ಹತ್ತಬೇಡಿ, ಸರ್ವಿಸ್ ರಸ್ತೆಗೆ ಇಳಿದು ನಿಲ್ಲಿಸಿ, ಸ್ಕ್ಯಾನರ್ ಇರುವವರನ್ನು ಕರೆಸಿ. ಫಿಲ್ಟರ್ ಕಿತ್ತು ಕೊಡುತ್ತೇನೆ ಎನ್ನುವವನ ಗ್ಯಾರೇಜಿಗೆ ಮಾತ್ರ ಹೋಗಬೇಡಿ. ಆ ಮಸಿ ಹಿಂದಿನ ಆಟೊದಲ್ಲಿ ಶಾಲೆಗೆ ಹೊರಟ ಮಕ್ಕಳ ಮೂಗಿಗೆ ಹೋಗುತ್ತದೆ.