ಮರ ಕುಡಿಯುವ ನೀರಿನ ಲೆಕ್ಕ

ಕುದುರೆಮುಖದ ತಪ್ಪಲಿನಿಂದ ಕಳಸ, ಮೂಡಿಗೆರೆಗಳವರೆಗೆ ಹಬ್ಬಿರುವ ಕಾಫಿಯ ಸೀಮೆಯಲ್ಲಿ ಮಾಘ ಫಾಲ್ಗುಣಗಳು ಬಂದುವೆಂದರೆ ಎಲ್ಲರ ದೃಷ್ಟಿಯೂ ಆಕಾಶದ ಕಡೆಗೇ. ಹೂಮಳೆಯು ತಡವಾದರೆ ರೊಬಸ್ಟಾ ಬೆಳೆದವರು ಹಳ್ಳಕ್ಕೆ ಪಂಪನ್ನಿಟ್ಟು ಸ್ಪ್ರಿಂಕ್ಲರುಗಳಿಂದ ಗಿಡಗಳನ್ನು ನೆನೆಸುವರು. ಕೆಳಗಿನ ಊರಿನವರು ಬಿಂದಿಗೆ ಹಿಡಿದು ಬರುವುದೂ ಆ ಹಳ್ಳಕ್ಕೇ; ಮುಂದೆ ಭದ್ರೆಯನ್ನೋ ಹೇಮಾವತಿಯನ್ನೋ ಸೇರುವುದೂ ಆ ನೀರೇ. ಇದರ ನಡುವೆ ಮಾತಿಲ್ಲದೆ ನೀರು ಕುಡಿಯುವ ಪಾಲುಗಾರರೂ ಇರುವರು. ಅವೇ ತೋಟದ ನೆರಳಿನ ಮರಗಳು. ಅತ್ತಿ, ಹಲಸು, ನಂದಿಗಳನ್ನು ಕಡಿದು ಅನೇಕರು ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕನ್ನು ನೆಟ್ಟಿರುವರು. ಅದು ನೆಲದ ಪಸೆಯನ್ನೆಲ್ಲ ಹೀರುವುದೆಂದು ಕೆಲವರೂ, ಹಾಗಿಲ್ಲವೆಂದು ಕೆಲವರೂ ವಾದಿಸುವರು. ಬಾಯಿಮಾತಿನ ಈ ವ್ಯಾಜ್ಯದಲ್ಲಿ ಸಾಕ್ಷಿ ನುಡಿಯಬಲ್ಲ ಒಂದು ಸಣ್ಣ ಸಾಧನವುಂಟು. ಅದು ಶಾಖದಿಂದ ಹರಿವನ್ನು ಅಳೆಯುವ ಸೂಜಿ.

ಬಿಸಿ ಕಾಫಿಯನ್ನು ಊದಿ ಆರಿಸುವುದನ್ನು ಅರಿಯದ ಮನೆಯುಂಟೇ? ಉಸಿರು ಬಿರುಸಾದಷ್ಟೂ ಶಾಖವು ಬೇಗನೆ ಹೋಗುವುದು. ಹಾಗಾದರೆ ಹೋದ ಶಾಖವನ್ನು ಅಳೆದು ಗಾಳಿಯ ವೇಗವನ್ನು ತಿಳಿಯಬಾರದೇಕೆ? ಕಾದ ತಂತಿಯಿಂದ ಹೀಗೆ ತಿಳಿಯುವ ಸೂತ್ರವನ್ನು 1914ರಲ್ಲಿ ಎಲ್. ವಿ. ಕಿಂಗ್ ಎಂಬ ವಿಜ್ಞಾನಿಯು ಪ್ರಕಟಿಸಿದನು. ಇಂದು ಆ ತಂತಿಯೇ ಸಿಲಿಕಾನ್ ಚೂರಿನ ಮೇಲಣ ತೆಳುಪೊರೆಯಾಗಿ, ಮೋಟಾರು ಗಾಡಿಯ ಎಂಜಿನ್ನಿಗೆ ಹೋಗುವ ಗಾಳಿಯನ್ನೂ, ಆಸ್ಪತ್ರೆಯ ಯಂತ್ರದಲ್ಲಿ ರೋಗಿಯ ಉಸಿರನ್ನೂ ಅಳೆಯುತ್ತಿದೆ.

ಮರದಲ್ಲಿ ಹರಿಯುವುದು ಗಾಳಿಯಲ್ಲ, ರಸ. ಫ್ರಾನ್ಸಿನ ಆಂದ್ರೆ ಗ್ರಾನಿಯೆ ಎಂಬವರು 1985ರಲ್ಲಿ ಒಂದು ಸರಳ ಕ್ರಮವನ್ನು ತಿಳಿಸಿದರು. ಎರಡು ಸೆಂಟಿಮೀಟರು ಉದ್ದದ ಎರಡು ಸೂಜಿಗಳನ್ನು ಒಂದರ ಮೇಲೊಂದರಂತೆ ಕಾಂಡದಲ್ಲಿ ನೆಟ್ಟು, ಮೇಲಿನದನ್ನು ಮಾತ್ರ ಅಲ್ಪ ವಿದ್ಯುತ್ತಿನಿಂದ ಸದಾ ಕಾಯಿಸುವುದು. ಬೆಳಗಿನ ಜಾವದಲ್ಲಿ ರಸವು ಬಹುಮಟ್ಟಿಗೆ ನಿಂತಿರುವುದರಿಂದ ಇವೆರಡರ ಉಷ್ಣತೆಯ ಅಂತರವು ಅತ್ಯಧಿಕವಾಗಿರುವುದು. ಬಿಸಿಲೇರಿದಂತೆ ಎಲೆಗಳು ನೀರನ್ನು ಸೆಳೆಯುವುವು, ಏರುವ ರಸವು ಸೂಜಿಯ ಶಾಖವನ್ನು ಕೊಂಡೊಯ್ಯುವುದು, ಅಂತರವು ಕುಗ್ಗುವುದು. ಆ ಕುಗ್ಗಿದುದರಿಂದ ರಸದ ವೇಗವೂ, ಅದನ್ನು ರಸವಾಹಕ ಮರದ ವಿಸ್ತೀರ್ಣದಿಂದ ಗುಣಿಸಿದರೆ ಗಂಟೆಗೆ ಎಷ್ಟು ಲೀಟರೆಂಬುದೂ ದೊರೆಯುವುವು. ಒಳಗಣ ಕೆಚ್ಚು ನೀರನ್ನು ಒಯ್ಯುವುದಿಲ್ಲ. ಅದನ್ನೂ ಲೆಕ್ಕಕ್ಕೆ ಸೇರಿಸಿದರೆ ಮರದ ಮೇಲೆ ಸುಳ್ಳು ಅಪವಾದ ಹೊರಿಸಿದಂತಾಗುವುದು. ಗ್ರಾನಿಯೆಯವರ ಸೂತ್ರವನ್ನೂ ಆಯಾ ಜಾತಿಯ ಮರದಲ್ಲಿ ಪರೀಕ್ಷಿಸಿಯೇ ಬಳಸತಕ್ಕದ್ದು.

ಇಂಥ ಸೂಜಿಗಳು ಮಣ್ಣಿನ ಮಿಶ್ರಣವನ್ನೂ ಹೇಳಬಲ್ಲುವು. ತೂಕಕ್ಕೆ ತೂಕ ನೋಡಿದರೆ, ನೀರನ್ನು ಕಾಯಿಸಲು ಒಣಮಣ್ಣಿಗಿಂತ ಸುಮಾರು ಐದು ಪಟ್ಟು ಶಾಖ ಬೇಕು. ಒಂದು ಸೂಜಿಯನ್ನು ಕ್ಷಣಕಾಲ ಕಾಯಿಸಿ, ಪಕ್ಕದ ಸೂಜಿಯು ಎಷ್ಟು ಬಿಸಿಯಾಯಿತೆಂದು ನೋಡಿದರೆ ಬೇರಿನ ಬಳಿ ಎಷ್ಟು ಪಸೆಯಿದೆಯೆಂಬುದು ತಿಳಿಯುವುದು. ಸ್ಪ್ರಿಂಕ್ಲರನ್ನು ಯಾವಾಗ ನಿಲ್ಲಿಸಬೇಕೆಂಬ ಪ್ರಶ್ನೆಗೂ ಇದೇ ಉತ್ತರ.

ಗರಗಸದವರನ್ನು ಕರೆಯಿಸುವ ಮುನ್ನ, ಒಂದೇ ತೋಟದ ಒಂದು ಹಲಸಿಗೂ ಅಷ್ಟೇ ದಪ್ಪದ ಒಂದು ಸಿಲ್ವರ್ ಓಕಿಗೂ ಬೇಸಗೆಯಲ್ಲಿ ಈ ಸೂಜಿಗಳನ್ನು ತಕ್ಕವರಿಂದ ನೆಡಿಸಿ ನೋಡಬಹುದು. ಬಿಸಿಲು ಕಾಂಡವನ್ನು ಕಾಯಿಸಿ ಲೆಕ್ಕ ಕೆಡಿಸದಂತೆ ಸುತ್ತಲೂ ಹೊಳೆಯುವ ತಗಡಿನ ಹಾಳೆಯನ್ನು ಸುತ್ತಿರಬೇಕು.