ಕುಡಿದು ವಾಹನ ಚಲಾಯಿಸುವವರೂ ನಮ್ಮ ಶಿಫಾರಸುಗಳೂ

ರಾತ್ರಿ ಹನ್ನೊಂದು ಗಂಟೆ ದಾಟಿದ ಮೇಲೆ ಮನೆಯ ಫೋನು ರಿಂಗಣಿಸುತ್ತದೆ. ಮಗನನ್ನು ಸಂಚಾರಿ ಪೊಲೀಸರು ತಡೆದಿದ್ದಾರೆ, ಯಂತ್ರಕ್ಕೆ ಊದಿಸಿದ್ದಾರೆ, ಬೈಕನ್ನು ವಶಪಡಿಸಿಕೊಂಡಿದ್ದಾರೆ. ಸುದ್ದಿ ಕೇಳಿದ ಮರುಕ್ಷಣ ನಾವು ಮಾಡುವ ಮೊದಲ ಕೆಲಸ ಯಾವುದು? ಮಗ ಕುಡಿದಿದ್ದನೇ ಎಂದು ವಿಚಾರಿಸುವುದೇ? ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳುವುದೇ? ಅಲ್ಲ. ಪರಿಚಯದ ಪುಢಾರಿಯ ನಂಬರನ್ನು ಹುಡುಕುತ್ತೇವೆ. ಠಾಣೆಗೆ ಒಂದು ಮಾತು ಹೇಳಿಸುತ್ತೇವೆ. ಬೆಳಗಾಗುವುದರೊಳಗೆ ವಿಷಯ ಮುಚ್ಚಿಹೋದರೆ ಅಲ್‌ಹಮ್ದುಲಿಲ್ಲಾಹ್ ಎನ್ನುತ್ತೇವೆ. ಅಲ್ಲಾಹನಿಗೆ ಕೃತಜ್ಞತೆ ಸಲ್ಲಿಸಬೇಕಾದ ಸಂದರ್ಭವೇ ಅದು ಎಂದು ಒಂದು ಕ್ಷಣವಾದರೂ ಯೋಚಿಸುವುದಿಲ್ಲ.

ಮದ್ಯಪಾನದ ವಿಷಯ ಬಂದಾಗಲೆಲ್ಲ ಅದು ನಮ್ಮ ಸಮುದಾಯಕ್ಕೆ ಸಂಬಂಧಿಸಿದ್ದಲ್ಲ ಎಂದು ಭಾವಿಸುವ ರೂಢಿ ನಮ್ಮಲ್ಲಿದೆ. ಹರಾಮ್ ಎಂದು ತಿಳಿದ ಮೇಲೆ ಮುಸ್ಲಿಮರು ಕುಡಿಯುತ್ತಾರೆಯೇ ಎಂಬುದು ನಮ್ಮ ಸಮಾಧಾನ. ಆದರೆ ನಮ್ಮ ಮೊಹಲ್ಲಾಗಳ ವಾಸ್ತವವನ್ನು ಬಲ್ಲ ಯಾವ ತಾಯಿಯೂ ಈ ಮಾತನ್ನು ಧೈರ್ಯದಿಂದ ಹೇಳಲಾರಳು. ಗೆಳೆಯರ ಕೂಟಗಳಲ್ಲಿ, ಪ್ರವಾಸಗಳಲ್ಲಿ, ಮದುವೆಯ ಹಿಂದಿನ ರಾತ್ರಿಗಳಲ್ಲಿ ನಮ್ಮ ಯುವಕರೂ ಇದ್ದಾರೆ. ಬಾಟಲಿಯ ವಾಸನೆ ಬರುತ್ತದೆಂದು ಗಾಂಜಾ ಮತ್ತು ಮಾದಕ ಮಾತ್ರೆಗಳ ಮೊರೆಹೋದವರೂ ಇದ್ದಾರೆ. ಹಾಗೆಯೇ, ಕಾರು, ಆಟೊ, ಲಾರಿಗಳ ಸ್ಟಿಯರಿಂಗ್ ಹಿಡಿದು ಸಂಸಾರ ಸಾಕುವವರ ಸಂಖ್ಯೆಯೂ ನಮ್ಮಲ್ಲಿ ದೊಡ್ಡದು. ಅಮಲಿನಲ್ಲಿ ಬಂದವನು ಢಿಕ್ಕಿ ಹೊಡೆದರೆ ಮೊದಲು ಅನಾಥವಾಗುವುದು ಇಂತಹ ಮನೆಗಳೇ. ಆದ್ದರಿಂದ ಇದು ಎರಡು ಬಗೆಯಲ್ಲಿ ನಮ್ಮದೇ ಪ್ರಶ್ನೆ.

ಮೊದಲು ದೇಶದ ಕಾನೂನು ಏನು ಹೇಳುತ್ತದೆಂದು ತಿಳಿದುಕೊಳ್ಳೋಣ. 1988ರ ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ, ಚಾಲಕನ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ಅದು ಅಪರಾಧ. ಮಾದಕ ಪದಾರ್ಥ ಸೇವಿಸಿ ವಾಹನದ ಮೇಲೆ ಹಿಡಿತವಿಲ್ಲದ ಸ್ಥಿತಿಯಲ್ಲಿ ಚಲಾಯಿಸುವುದಕ್ಕೂ ಇದೇ ಕಲಮು ಅನ್ವಯಿಸುತ್ತದೆ. 2019ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ತಿದ್ದುಪಡಿಯ ನಂತರ, ಮೊದಲ ಬಾರಿ ಸಿಕ್ಕಿಬಿದ್ದವನಿಗೆ ಆರು ತಿಂಗಳವರೆಗಿನ ಸೆರೆವಾಸ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಮತ್ತೆ ಅದೇ ಅಪರಾಧವೆಸಗಿದರೆ ಎರಡು ವರ್ಷಗಳವರೆಗಿನ ಸೆರೆವಾಸ ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ. ಹೆಲ್ಮೆಟ್ ಧರಿಸದಿದ್ದುದಕ್ಕೆ ಕಟ್ಟುವಂತೆ ಸ್ಥಳದಲ್ಲೇ ದಂಡ ಕಟ್ಟಿ ಇದನ್ನು ಮುಗಿಸುವಂತಿಲ್ಲ. ನ್ಯಾಯಾಲಯದ ಮೆಟ್ಟಿಲು ಹತ್ತಲೇಬೇಕು. ಚಾಲನಾ ಪರವಾನಗಿಯೂ ಅಮಾನತಿಗೆ ಒಳಗಾಗುತ್ತದೆ.

ಜೀವಹಾನಿಯಾದರೆ ವಿಷಯ ಇಲ್ಲಿಗೆ ನಿಲ್ಲುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದವನಿಗೆ ಐದು ವರ್ಷಗಳವರೆಗಿನ ಶಿಕ್ಷೆ ವಿಧಿಸುತ್ತದೆ. ಹಿಂದಿನ ದಂಡ ಸಂಹಿತೆಯಲ್ಲಿ ಇದು ಎರಡೇ ವರ್ಷವಿತ್ತು. ಸಾವು ಸಂಭವಿಸಬಹುದೆಂಬ ಅರಿವು ಚಾಲಕನಿಗಿತ್ತು ಎಂದು ಸಾಬೀತಾದರೆ ಅದು ಕೊಲೆಯಲ್ಲದ ದಂಡನೀಯ ನರಹತ್ಯೆಯಾಗುತ್ತದೆ. ಶಿಕ್ಷೆ ಹತ್ತು ವರ್ಷಗಳವರೆಗೂ ಹೋಗಬಹುದು. 2006ರ ನವೆಂಬರ್‌ನಲ್ಲಿ ಮುಂಬೈಯ ಬಾಂದ್ರಾದ ಕಾರ್ಟರ್ ರಸ್ತೆಯಲ್ಲಿ, ದಿನವಿಡೀ ದುಡಿದು ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಕೂಲಿಕಾರರ ಮೇಲೆ ಕಾರೊಂದು ಹರಿದು ಏಳು ಮಂದಿ ಮೃತಪಟ್ಟರು, ಎಂಟು ಮಂದಿ ಗಾಯಗೊಂಡರು. ಚಾಲಕ ಕುಡಿದಿದ್ದ. ವಿಚಾರಣಾ ನ್ಯಾಯಾಲಯ ಅದನ್ನು ಬರೀ ನಿರ್ಲಕ್ಷ್ಯವೆಂದು ಪರಿಗಣಿಸಿತು. ಹೈಕೋರ್ಟು ನರಹತ್ಯೆಯೆಂದು ತೀರ್ಪಿತ್ತು ಮೂರು ವರ್ಷಗಳ ಶಿಕ್ಷೆ ನೀಡಿತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಏಳು ಜೀವಗಳಿಗೆ ಮೂರು ವರ್ಷ! ಲೋಕದ ನ್ಯಾಯಾಲಯಗಳ ತಕ್ಕಡಿ ಎಷ್ಟು ತೂಗಬಲ್ಲುದು ಎಂಬುದನ್ನು ಇದರಿಂದ ಅರಿಯಬಹುದು.

ಕಾನೂನು 30 ಮಿಲಿಗ್ರಾಂನ ಗೆರೆಯನ್ನು ಎಳೆದಿದೆ. ಮನುಷ್ಯರ ಹೃದಯವನ್ನು ಇಣುಕಿ ನೋಡಲಾಗದ ಕಾನೂನಿಗೆ ಯಂತ್ರದಿಂದ ಅಳೆಯಬಹುದಾದ ಒಂದು ಗೆರೆ ಬೇಕೇ ಬೇಕು. ಆದರೆ ಇಸ್ಲಾಮ್ ಈ ಬಾಗಿಲನ್ನು ಹೊಸ್ತಿಲಲ್ಲೇ ಮುಚ್ಚಿದೆ. ಹೆಚ್ಚು ಸೇವಿಸಿದರೆ ಅಮಲೇರಿಸುವ ವಸ್ತುವಿನ ಅಲ್ಪ ಪ್ರಮಾಣವೂ ನಿಷಿದ್ಧ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಇದರ ಔಚಿತ್ಯವನ್ನು ರಸ್ತೆಗಿಂತ ಚೆನ್ನಾಗಿ ವಿವರಿಸುವ ಸ್ಥಳ ಬೇರೊಂದಿಲ್ಲ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವ ವಾಹನ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಅಮಲಿನಿಂದಾಗಿ ಬ್ರೇಕಿನ ಮೇಲೆ ಕಾಲಿಡಲು ಅರ್ಧ ಸೆಕೆಂಡು ತಡವಾದರೂ ವಾಹನ ಎಂಟು ಮೀಟರ್ ಮುಂದೆ ಹೋಗಿರುತ್ತದೆ. ರಸ್ತೆ ದಾಟುತ್ತಿರುವ ಮಗುವಿಗೆ ಆ ಎಂಟು ಮೀಟರೇ ಬದುಕು ಮತ್ತು ಸಾವುಗಳ ನಡುವಿನ ಅಂತರ. ತಾನು ಸರಿಯಾಗಿಯೇ ಇದ್ದೇನೆ ಎಂಬ ಹುಸಿ ಧೈರ್ಯವನ್ನು ತುಂಬುವುದು ಮದ್ಯದ ಮೊದಲ ಕೆಲಸ. ಕುಡಿದವನಿಗೆ ತನ್ನ ಅಳತೆ ತಿಳಿಯುವುದಿಲ್ಲ.

ಪವಿತ್ರ ಕುರ್‌ಆನ್ ಮದ್ಯವನ್ನು ಹಂತಹಂತವಾಗಿ ನಿಷೇಧಿಸಿತು. ಅದರ ಲಾಭಕ್ಕಿಂತ ಪಾಪವೇ ದೊಡ್ಡದೆಂದು ಅಲ್ ಬಕರ ಅಧ್ಯಾಯದಲ್ಲಿ ಎಚ್ಚರಿಸಿತು. ಅಮಲಿನಲ್ಲಿ ನಮಾಝಿನ ಬಳಿ ಸುಳಿಯಬಾರದೆಂದು ಅನ್ನಿಸಾ ಅಧ್ಯಾಯದಲ್ಲಿ ಆಜ್ಞಾಪಿಸಿತು. ಕೊನೆಗೆ ಅಲ್ ಮಾಇದ ಅಧ್ಯಾಯದಲ್ಲಿ ಅದನ್ನು ಶೈತಾನನ ಹೊಲಸು ಕೃತ್ಯಗಳ ಸಾಲಿಗೆ ಸೇರಿಸಿ ಸಂಪೂರ್ಣವಾಗಿ ತೊರೆಯಲು ಹೇಳಿತು. ಆ ಘೋಷಣೆ ಕೇಳಿಬಂದಾಗ ಅಬೂ ತಲ್ಹಾ(ರ) ಅವರ ಮನೆಯಲ್ಲಿ ಅನಸ್(ರ) ಅತಿಥಿಗಳಿಗೆ ಮದ್ಯ ಬಡಿಸುತ್ತಿದ್ದರು. ಚರ್ಚೆ ನಡೆಯಲಿಲ್ಲ, ಕಾಲಾವಕಾಶ ಕೇಳಲಿಲ್ಲ. ಮದ್ಯವನ್ನು ಹೊರಗೆ ಚೆಲ್ಲಲಾಯಿತು. ಅದು ಮದೀನಾದ ಬೀದಿಗಳಲ್ಲಿ ಹರಿಯಿತು. ಅಲ್ಲಿ ಪೊಲೀಸರೂ ಇರಲಿಲ್ಲ, ಊದುವ ಯಂತ್ರವೂ ಇರಲಿಲ್ಲ. ಇದ್ದುದು ದೇವಭಯ ಮಾತ್ರ. ತಪಾಸಣೆ ಇರುವ ವೃತ್ತವನ್ನು ತಪ್ಪಿಸಿ ಅಡ್ಡರಸ್ತೆ ಹಿಡಿಯುವ ಇಂದಿನ ಚಾಲಕನಲ್ಲಿ ಇಲ್ಲದಿರುವುದು ಅದೇ. ದಂಡದ ಭಯ ತಪಾಸಣೆಯ ಸ್ಥಳದವರೆಗೆ ಮಾತ್ರ ಜೊತೆಗಿರುತ್ತದೆ. ದೇವಭಯ ಅಡ್ಡರಸ್ತೆಯಲ್ಲೂ ಜೊತೆಗಿರುತ್ತದೆ.

ಹಾಗೆಂದು ಕಾನೂನಿನ ದಂಡವನ್ನು ಹಗುರವಾಗಿ ಕಾಣುವಂತಿಲ್ಲ. ಸಂಚಾರ ನಿಯಮಗಳು ಸರಕಾರದ್ದು, ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ ಎನ್ನುವವರಿದ್ದಾರೆ. 1993ರಲ್ಲಿ ಬ್ರೂನೈಯಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯ ವಿದ್ವಾಂಸರು, ಶರೀಅತ್‌ಗೆ ವಿರುದ್ಧವಲ್ಲದ ಸಂಚಾರ ನಿಯಮಗಳನ್ನು ಪಾಲಿಸುವುದು ಧಾರ್ಮಿಕವಾಗಿಯೂ ಕಡ್ಡಾಯವೆಂದು ನಿರ್ಣಯಿಸಿದ್ದಾರೆ. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಈಮಾನಿನ ಶಾಖೆಯೆಂದು ಕಲಿಸಿದ ಧರ್ಮದಲ್ಲಿ, ತಾನೇ ದಾರಿಯ ಅಪಾಯವಾಗಿ ಓಡಾಡುವವನ ಸ್ಥಾನವೇನು?

ಇನ್ನು ನಮ್ಮ ಶಿಫಾರಸುಗಳ ವಿಷಯಕ್ಕೆ ಬರೋಣ. ಮಖ್‌ಝೂಮ್ ಗೋತ್ರದ ಪ್ರತಿಷ್ಠಿತ ಮಹಿಳೆಯೊಬ್ಬಳು ಕಳ್ಳತನದಲ್ಲಿ ಸಿಕ್ಕಿಬಿದ್ದಾಗ, ಆಕೆಯನ್ನು ಬಿಡಿಸಲು ಪ್ರವಾದಿಯವರ(ಸ) ಅಚ್ಚುಮೆಚ್ಚಿನ ಉಸಾಮಾ(ರ) ಅವರನ್ನೇ ಶಿಫಾರಸಿಗೆ ಕಳುಹಿಸಲಾಯಿತು. ಪ್ರವಾದಿ(ಸ) ಕೋಪಗೊಂಡರು. ಪ್ರತಿಷ್ಠಿತರು ತಪ್ಪು ಮಾಡಿದಾಗ ಬಿಟ್ಟು, ದುರ್ಬಲರನ್ನು ಮಾತ್ರ ದಂಡಿಸಿದ್ದರಿಂದಲೇ ಹಿಂದಿನ ಸಮುದಾಯಗಳು ನಾಶವಾದವೆಂದೂ, ತಮ್ಮ ಸ್ವಂತ ಮಗಳಾದರೂ ಶಿಕ್ಷೆ ತಪ್ಪುತ್ತಿರಲಿಲ್ಲವೆಂದೂ ಸಾರಿದರು. ಅಲ್ಲಿದ್ದುದು ಶರೀಅತ್ ನಿಗದಿಪಡಿಸಿದ ಶಿಕ್ಷೆ, ಇಲ್ಲಿರುವುದು ದೇಶದ ಕಾನೂನಿನ ದಂಡ. ಎರಡೂ ಒಂದೇ ಅಲ್ಲ. ಆದರೆ ಪಾಠ ಒಂದೇ. ಅದೇ ರಾತ್ರಿ ಅದೇ ವೃತ್ತದಲ್ಲಿ ಸಿಕ್ಕಿಬಿದ್ದ ಆಟೊ ಚಾಲಕ ನ್ಯಾಯಾಲಯಕ್ಕೆ ಅಲೆದು ಹತ್ತು ಸಾವಿರ ಕಟ್ಟುತ್ತಾನೆ. ಕಾರಿನಲ್ಲಿ ಬಂದ ನಮ್ಮ ಮಗ ಒಂದು ಫೋನು ಕರೆಯಿಂದ ಮನೆ ಸೇರುತ್ತಾನೆ. ಅವನು ಕಲಿತ ಪಾಠವೇನು? ಕುಡಿಯಬಾರದೆಂದಲ್ಲ, ಅಪ್ಪನ ಪರಿಚಯ ದೊಡ್ಡದೆಂದು. ಮುಂದಿನ ಬಾರಿ ವಾಹನದಡಿಗೆ ಒಂದು ಜೀವ ಸಿಲುಕಿದರೆ ಅದರಲ್ಲಿ ಆ ಫೋನು ಕರೆಗೂ ಪಾಲಿಲ್ಲವೇ?

ಕೀಲಿಕೈ ಕೊಟ್ಟವರಿಗೂ ಪಾಲಿದೆ. ಪಾಪ ಮತ್ತು ಅತಿಕ್ರಮದಲ್ಲಿ ಪರಸ್ಪರ ಸಹಕರಿಸಬಾರದೆಂಬುದು ಕುರ್‌ಆನಿನ ಆದೇಶ. ಕುಡಿದು ಚಲಾಯಿಸಲು ಪ್ರೇರಣೆ ನೀಡಿದವನಿಗೂ ಅದೇ ಶಿಕ್ಷೆಯೆಂದು ಮೋಟಾರು ವಾಹನ ಕಾಯ್ದೆಯ 188ನೇ ಕಲಮೂ ಹೇಳುತ್ತದೆ. ಅಪ್ರಾಪ್ತ ಮಗನ ಕೈಗೆ ಬೈಕು ಕೊಟ್ಟ ಹೆತ್ತವರಿಗೆ ಮೂರು ವರ್ಷಗಳವರೆಗಿನ ಸೆರೆವಾಸ ಮತ್ತು 25,000 ರೂಪಾಯಿ ದಂಡವಿದೆ.

ಉದ್ದೇಶವಿಲ್ಲದೆ ಒಂದು ಜೀವ ತೆಗೆದವನ ಕುರಿತು ಅನ್ನಿಸಾ ಅಧ್ಯಾಯದ 92ನೇ ವಚನ ಹೇಳುವುದನ್ನು ನಾವು ಮರೆತೇ ಬಿಟ್ಟಿದ್ದೇವೆ. ಮೃತನ ವಾರಸುದಾರರಿಗೆ ರಕ್ತಪರಿಹಾರ ನೀಡಬೇಕು. ಗುಲಾಮನ ವಿಮೋಚನೆಗೆ ಸಾಧ್ಯವಿಲ್ಲದವನು ಎಡೆಬಿಡದೆ ಎರಡು ತಿಂಗಳು ಉಪವಾಸ ಆಚರಿಸಬೇಕು. ಅರಿಯದೆ ಆದ ತಪ್ಪಿಗೇ ಇಷ್ಟು ಪ್ರಾಯಶ್ಚಿತ್ತ! ತಾನಾಗಿಯೇ ಬುದ್ಧಿಯನ್ನು ಅಮಲಿಗೆ ಒಪ್ಪಿಸಿ ಚಾಲಕನ ಆಸನದಲ್ಲಿ ಕುಳಿತವನು ತನ್ನದನ್ನು ಬರಿಯ ಆಕಸ್ಮಿಕವೆಂದು ಹೇಗೆ ಹೇಳಬಲ್ಲ? ವಿಮಾ ಕಂಪೆನಿ ಕೊಡುತ್ತದೆ, ವಕೀಲರು ನೋಡಿಕೊಳ್ಳುತ್ತಾರೆ ಎಂದು ಮೃತರ ಮನೆಯ ಕಡೆ ಮುಖ ಹಾಕದವರು ಈ ವಚನವನ್ನು ಇನ್ನೊಮ್ಮೆ ಓದಬೇಕು. ನ್ಯಾಯಾಲಯದಲ್ಲಿ ಬಿಡುಗಡೆಯಾದ ಮಾತ್ರಕ್ಕೆ ಮನುಷ್ಯರ ಹಕ್ಕಿನಿಂದ ಬಿಡುಗಡೆಯಾಗುವುದಿಲ್ಲ.

ಕೊನೆಯದಾಗಿ ಒಂದು ಮಾತು. ಮದ್ಯಪಾನ ಮಾಡಿದ ವ್ಯಕ್ತಿಯೊಬ್ಬನಿಗೆ ಪ್ರವಾದಿಯವರ(ಸ) ಮುಂದೆ ಶಿಕ್ಷೆಯಾಯಿತು. ಅನಂತರ ಯಾರೋ ಆತನನ್ನು ಶಪಿಸಿದಾಗ ಪ್ರವಾದಿ(ಸ) ತಡೆದರು. ಸಹೋದರನ ವಿರುದ್ಧ ಶೈತಾನನಿಗೆ ನೆರವಾಗಬಾರದೆಂದರು. ಶಿಕ್ಷೆಯನ್ನೂ ತಪ್ಪಿಸಲಿಲ್ಲ, ಮನುಷ್ಯನನ್ನೂ ತೊರೆಯಲಿಲ್ಲ. ನಾವು ಮಾಡುತ್ತಿರುವುದು ಇದಕ್ಕೆ ತದ್ವಿರುದ್ಧ: ನಮ್ಮ ಮಗನಾದರೆ ಶಿಕ್ಷೆ ತಪ್ಪಿಸುತ್ತೇವೆ, ನೆರೆಯವನ ಮಗನಾದರೆ ಶಪಿಸುತ್ತೇವೆ. ಇನ್ನು ಆ ಫೋನು ಬಂದರೆ ಠಾಣೆಗೆ ಹೋಗೋಣ, ಮಗನ ಪಕ್ಕದಲ್ಲಿ ನಿಲ್ಲೋಣ, ಆದರೆ ಶಿಫಾರಸು ಮಾಡಿಸುವುದು ಬೇಡ. ದಂಡವನ್ನು ಅವನ ಸ್ವಂತ ದುಡಿಮೆಯಿಂದ ಕಟ್ಟಿಸೋಣ. ಕೀಲಿಕೈಯನ್ನು ತೆಗೆದಿಡೋಣ. ಚಟ ಬೇರೂರಿದ್ದರೆ ಮುಚ್ಚಿಡದೆ ವೈದ್ಯರ ಬಳಿಗೆ ಕರೆದೊಯ್ಯೋಣ. ತೌಬಾದ ಬಾಗಿಲು ತೆರೆದೇ ಇದೆಯೆಂದು ಅವನಿಗೆ ನೆನಪಿಸೋಣ. ಜಮಾಅತ್‌ಗಳೂ ಜುಮಾ ಖುತ್ಬಾದಲ್ಲಿ ರಸ್ತೆಯ ಹಕ್ಕುಗಳನ್ನು ವಿವರಿಸಲಿ.

ನಮ್ಮ ಕೈಯಿಂದಲೂ ವಾಹನದಿಂದಲೂ ಯಾವ ಜೀವಕ್ಕೂ ಹಾನಿಯಾಗದಂತೆ ಅಲ್ಲಾಹನು ನಮ್ಮನ್ನೂ ನಮ್ಮ ಮಕ್ಕಳನ್ನೂ ಕಾಪಾಡಲಿ. ಆಮೀನ್.